ಒಳ್ಳೆ ಮಾತು ಯಾರಿಗೆ ಹೇಳ್ಬೇಕು?

ಪ್ರಶ್ನೆ: ನಮ್ಮ ಕಾಲೇಜಲ್ಲಿ ಚರ್ಚಾಸ್ಪರ್ಧೆ ಇದೆ, ಗುಲಾಮಗಿರಿ ಹೋಗಿದ್ದು ಮನವೊಲಿಸಿದ್ರಿಂದಾನಾ ದಂಗೆ ಎದ್ದಿದ್ರಿಂದಾನಾ ಅಂತ. ನಮ್ಮಪ್ಪ ಕಾಫಿ ತೋಟದಲ್ಲಿ ರೈಟರ್ (ಆಳುಗಳ ಹಾಜರಿ, ಲೆಕ್ಕ ಬರೆಯೋರು), ಒಳ್ಳೆ ಮಾತಲ್ಲಿ ಹೇಳಿದ್ರೆ ಯಾರಾದ್ರೂ ಕೇಳ್ತಾರೆ ಅಂತಾರೆ. ನಾನು ಯಾವ ಕಡೆ ಮಾತಾಡ್ಲಿ?
– ಗೋಣಿಕೊಪ್ಪದ ಓದುಗರು

ಉತ್ತರ: ಅಪ್ಪನ ಮಾತು ಪೂರ್ತಿ ತಪ್ಪಲ್ಲ, ಆದ್ರೆ ಒಳ್ಳೆ ಮಾತು ಯಾರಿಗೆ ಹೇಳ್ಬೇಕು ಅನ್ನೋದು ಅದ್ರಲ್ಲಿಲ್ಲ. ಗುಲಾಮರ ಒಡೆಯರು ಮನಸ್ಸು ಕರಗಿ ಬಿಟ್ಟುಕೊಟ್ಟವರಲ್ಲ. ಬ್ರಿಟನ್ನಲ್ಲಿ ಎಲಿಜಬೆತ್ ಹೇರಿಕ್ ಅಂತ ಒಬ್ಬ ಹೆಂಗಸು, 1824ರಲ್ಲೇ ಈಗಿಂದೀಗ್ಲೇ ಬಿಡುಗಡೆ ಆಗ್ಬೇಕು, ಹಂತಹಂತವಾಗಿ ಅನ್ನೋ ಮಾತೇ ಬೇಡ ಅಂತ ಬರೆದ್ಲು, ಆಗಿನ ದೊಡ್ಡದೊಡ್ಡ ಗಂಡಸು ನಾಯಕರಿಗೇ ಅಷ್ಟು ಧೈರ್ಯ ಇರ್ಲಿಲ್ಲ. ಅವಳು ತೋಟದ ಮಾಲೀಕರ ಹತ್ರ ಹೋಗ್ಲಿಲ್ಲ, ಲೆಸ್ಟರ್ ಊರಲ್ಲಿ ಮನೆಮನೆಗೆ ಹೋಗಿ ಗುಲಾಮರು ಬೆಳೆದ ಸಕ್ಕರೆ ತಗೋಬೇಡಿ ಅಂದ್ಲು. ಟೀ ಕುಡಿಯೋರನ್ನ ಒಪ್ಪಿಸಿದ್ಲು.

ಇನ್ನು ದಂಗೆ ವಿಷ್ಯ. ಬ್ರಿಟಿಷರ ಕಬ್ಬಿನ ತೋಟಗಳಿದ್ದ ಜಮೈಕಾ ದ್ವೀಪದಲ್ಲಿ ಸ್ಯಾಮ್ ಶಾರ್ಪ್ ಅಂತ, ಅವನೂ ಗುಲಾಮನೇ, ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಉಪದೇಶ ಮಾಡ್ತಿದ್ದೋನು. 1831ರ ಕ್ರಿಸ್ಮಸ್ ಆದ್ಮೇಲೆ ಕೂಲಿ ಕೊಡದೆ ಇದ್ರೆ ಕೆಲ್ಸಕ್ಕೆ ಬರಲ್ಲ ಅಂತ ಕೂತ್ಕೊಳ್ಳೋದು ಅವನ ಪ್ಲಾನು. ಆ ಟೈಮು ನೋಡಿ, ಕಬ್ಬು ಕಟಾವಿಗೆ ಬಂದಿರುತ್ತೆ, ಕಾಫಿ ಕುಯ್ಲಿನ ಹೊತ್ತಿಗೆ ಆಳು ನಿಂತ್ರೆ ಏನಾಗುತ್ತೆ ಅಂತ ನಿಮ್ಮಪ್ಪಂಗೆ ನಾನು ಹೇಳ್ಬೇಕಾಗಿಲ್ಲ. ಅದು ಬೆಂಕಿ ಹಚ್ಚೋವರೆಗೂ ಹೋಯ್ತು, ಸೈನ್ಯ ಬಂತು, ಬಿಳಿಯರು ಸತ್ತಿದ್ದು ಸುಮಾರು 14, ಅದಕ್ಕೆ ಪ್ರತಿಯಾಗಿ 300ಕ್ಕೂ ಜಾಸ್ತಿ ಗುಲಾಮರಿಗೆ ಮರಣದಂಡನೆ ಆಯ್ತು, 1832ರ ಮೇ ತಿಂಗಳಲ್ಲಿ ಶಾರ್ಪ್‌ನನ್ನೂ ಗಲ್ಲಿಗೆ ಹಾಕಿದ್ರು. ಸಿಟ್ಟಿಗೆದ್ದ ಬಿಳಿಯರು ಚರ್ಚುಗಳನ್ನೇ ಹಾಳು ಮಾಡಿದ್ರು, ಆಗ ವಿಲಿಯಂ ನಿಬ್ ಅನ್ನೋ ಪಾದ್ರಿ ಇಂಗ್ಲೆಂಡಿಗೆ ಹೋಗಿ ಊರೂರು ಸುತ್ತಿ ತಾನು ಕಣ್ಣಾರೆ ಕಂಡಿದ್ದನ್ನ ಹೇಳಿದ. ಮುಂದಿನ ವರ್ಷ ಪಾರ್ಲಿಮೆಂಟಿಗೆ 5 ಸಾವಿರಕ್ಕೂ ಜಾಸ್ತಿ ಅರ್ಜಿ ಬಂತು, ಹೆಂಗಸರದ್ದೇ ಒಂದು ಅರ್ಜಿಯಲ್ಲಿ 1 ಲಕ್ಷ 87 ಸಾವಿರ ಸಹಿ. 1833ರಲ್ಲಿ ಗುಲಾಮಗಿರಿ ರದ್ದು ಮಾಡೋ ಕಾನೂನು ಆಯ್ತು. ಈಗ ಹೇಳಿ, ಶಾರ್ಪ್ ಇಲ್ದೆ ನಿಬ್ ಮಾತಿಗೆ ಯಾರು ಕಿವಿ ಕೊಡ್ತಿದ್ರು? ನಿಬ್ ಇಲ್ದಿದ್ರೆ ಶಾರ್ಪ್ ಸತ್ತಿದ್ದು ಬರೀ ಗಲಭೆ ಅಂತ ಮುಚ್ಚಿಹೋಗ್ತಿತ್ತು. ಅಮೆರಿಕದಲ್ಲಿ ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1857ರ ಭಾಷಣದಲ್ಲಿ ಇದೇ ಬಿಡುಗಡೆ ಬಗ್ಗೆ ಮಾತಾಡ್ತಾ ಅದರ ಶ್ರೇಯಸ್ಸಲ್ಲಿ ದಂಗೆ ಎದ್ದ ಗುಲಾಮರಿಗೂ ಪಾಲಿದೆ ಅಂದ.

ಪರಿಹಾರ ಅಂತ 2 ಕೋಟಿ ಪೌಂಡ್ ಹೋಗಿದ್ದು ಒಡೆಯರಿಗೆ. ಗುಲಾಮರಿಗೆ ಬಿಡಿಗಾಸೂ ಇಲ್ಲ. ಇದನ್ನ ಸ್ಪರ್ಧೆಯಲ್ಲಿ ಬಿಡ್ದೆ ಹೇಳಿ.

ಪ್ರಶ್ನೆ: ನಮ್ಮ ಕೊಡಗಲ್ಲೂ ಗುಲಾಮರು ಇದ್ರಾ? ನಮ್ಮ ಮಾವ ಲೈನ್ ಮನೆಯಲ್ಲಿದ್ದಾರೆ (ತೋಟದ ಆಳುಗಳಿಗೆ ಮಾಲೀಕರು ಕೊಡೋ ಸಾಲುಮನೆ), ಅಡ್ವಾನ್ಸ್ ತೀರೋವರೆಗೂ ಬೇರೆ ತೋಟಕ್ಕೆ ಹೋಗೋ ಹಾಗಿಲ್ಲ ಅಂತಾರೆ, ಬಾಯಿ ಬಿಟ್ರೆ ಮನೆ ಖಾಲಿ ಮಾಡಿಸ್ತಾರೆ ಅಂತ ಭಯ.
– ಸಿದ್ದಾಪುರದ ಓದುಗರು

ಉತ್ತರ: ಇದ್ರು. ರಾಜರ ಕಾಲದಲ್ಲಿ ಯರವರು ಗದ್ದೆ ಒಡೆಯರ ಹತ್ರ ಗುಲಾಮರಾಗೇ ಇದ್ರು. 1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿ ಕೈಗೆ ಹೋಯ್ತು, ಆ ಕಡೆ ಜಮೈಕಾದಲ್ಲಿ ಕಾನೂನು ಜಾರಿಗೆ ಬಂದಿದ್ದೂ ಅದೇ ವರ್ಷ, ಆದ್ರೆ ಕಂಪನಿ ಆಳೋ ಜಾಗಗಳನ್ನ ಆ ಕಾನೂನಿಂದ ಹೊರಗಿಟ್ಟಿದ್ರು, ಇದನ್ನ ಓದಿದಾಗೆಲ್ಲ ನಂಗೆ ಹೊಟ್ಟೆ ಉರಿಯುತ್ತೆ. 1843ರ ಕಾಯ್ದೆ ಗುಲಾಮನ ಮೇಲಿನ ಹಕ್ಕನ್ನ ಕೋರ್ಟು ಒಪ್ಪಲ್ಲ ಅಂತ ಹೇಳ್ತು.

ನಿಮ್ಮ ಮಾವನ ವಿಷ್ಯಕ್ಕೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇದೆ. ಸಾಲಕ್ಕೋಸ್ಕರ ಬೇರೆ ಕಡೆ ದುಡಿಯೋಕೆ ಬಿಡ್ದೆ ಇರೋದೂ ಅದರ ಪ್ರಕಾರ ಜೀತ, ಆ ಸಾಲ ತೀರಿಸ್ಬೇಕಾಗೇ ಇಲ್ಲ, ಇದು ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡೋ ಹೊಣೆ ಸಾಲ ಕೊಟ್ಟೋರದ್ದು. ಜೀತದ ಭಾಗವಾಗಿ ಕೊಟ್ಟ ಮನೆಯಿಂದ, ಬಿಡುಗಡೆ ಆದವರನ್ನ ಎಬ್ಬಿಸೋ ಹಾಗೂ ಇಲ್ಲ. ಮಡಿಕೇರಿಯಲ್ಲಿ ಡಿ.ಸಿ. ಆಫೀಸಿಗೆ ಬರೆದು ಕೊಡಿ, ಮಾವನೊಬ್ಬರನ್ನೇ ಕಳಿಸ್ಬೇಡಿ, ಲೈನ್ ಮನೆಯವರೆಲ್ಲ ಒಟ್ಟಿಗೆ ಹೋಗಿ, ಅರ್ಜಿ ಕೊಟ್ಟಿದ್ದಕ್ಕೆ ಸೀಲ್ ಹಾಕಿದ ಪ್ರತಿ ಇಸ್ಕೊಂಡೇ ಬನ್ನಿ.