ಕಾಫಿ ಕುಯ್ಲು ಮತ್ತು ಗಣಿತದ ಪಾಠ

ಪ್ರಶ್ನೆ: ಕೊಡಗಿನ ಪೊನ್ನಂಪೇಟೆ ಕಡೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಕಾಫಿ ಕುಯ್ಲು ಬಂದರೆ ತೋಟದ ಕಾರ್ಮಿಕರ ಸಾಲುಮನೆ, ಅಂದರೆ ಲೈನ್‌ಮನೆಯ ಎರವ ಬುಡಕಟ್ಟಿನ ಮಕ್ಕಳು ವಾರಗಟ್ಟಲೆ ಬರುವುದಿಲ್ಲ. ಬಂದರೂ ಹಿಂದಿನ ಬೆಂಚಿನಲ್ಲಿ ಮಾತೇ ಇಲ್ಲ. ಏನು ಮಾಡಲಿ, ಸರ್?

ಉತ್ತರ: ಮೊದಲು ಮುಂದಿನ ಬೆಂಚಿಗೆ ಕರೆಯಿರಿ, ಮೇಡಂ. ರೋಬಸ್ಟಾ ತಳಿಯ ಕಾಫಿ ಕುಯ್ಲು ಜನವರಿ, ಫೆಬ್ರವರಿಯಲ್ಲಿ. ಹತ್ತನೆಯವರ ಪರೀಕ್ಷೆ ತಯಾರಿಯೂ ಆಗಲೇ. ಕಷ್ಟದ ಅಧ್ಯಾಯಗಳನ್ನು ನವೆಂಬರ್ ಒಳಗೇ ಮುಗಿಸಿ. ದಿನಗೂಲಿ ಇಷ್ಟು, ಹೆಚ್ಚು ಕುಯ್ದ ಕಿಲೋಗೆ ಇಷ್ಟು ಎಂಬ ಲೆಕ್ಕ ಅವರಿಗೆ ಗೊತ್ತು. ರೇಖಾತ್ಮಕ ಸಮೀಕರಣವನ್ನು ಅಲ್ಲಿಂದಲೇ ಶುರುಮಾಡಿ. ಮನೆಯಲ್ಲಿ ಅವರದು ಎರವ ಮಾತು. ಗೆಳತಿಗೆ ಅದರಲ್ಲೇ ವಿವರಿಸಿದರೆ ತಡೆಯಬೇಡಿ. ಗೈರುಹಾಜರಿಗೆ ಎಲ್ಲರೆದುರು ಬೈಯುವುದನ್ನು ನಾನಂತೂ ಸಹಿಸಲಾರೆ. ಪರಿಶಿಷ್ಟ ಪಂಗಡದ ಮಕ್ಕಳಿಗೆ ಹಾಸ್ಟೆಲ್, ವಿದ್ಯಾರ್ಥಿವೇತನ ಉಂಟು. ಜಾತಿ ಪ್ರಮಾಣಪತ್ರ ಇದೆಯೇ ಎಂದು ಲೈನ್‌ಮನೆಗೇ ಹೋಗಿ ಕೇಳಿ, ಇಲ್ಲದಿದ್ದರೆ ಅರ್ಜಿ ತುಂಬಿಕೊಡಿ.