ಓವನ್ ಇಲ್ಲದ ಹಗುರ ಕೋಳಿ ಕ್ಯಾಸರೋಲ್

ಪ್ರಶ್ನೆ: ನಮ್ಮ ಮನೆಯವರಿಗೆ ಕೊಬ್ಬು ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದಾರೆ. ಮಕ್ಕಳಿಗೋ ಭಾನುವಾರ ಕೋಳಿ ಇರಲೇಬೇಕು. ಎಲ್ಲರೂ ತಿನ್ನೋ ಹಾಗೆ ಕೋಳಿ-ತರಕಾರಿ ಕ್ಯಾಸರೋಲ್ ಹೇಗೆ ಮಾಡಲಿ ಅಕ್ಕಾ? ಮನೇಲಿ ಓವನ್ ಇಲ್ಲ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಓವನ್ ಬೇಡ ತಂಗಿ. ನಮ್ಮ ಕಡೆ ಕ್ಯಾಸರೋಲ್ ಅಂದರೆ ರೊಟ್ಟಿ ಬಿಸಿ ಇಡೋ ಡಬ್ಬಿ. ನೀವು ಕೇಳಿದ್ದು ಮುಚ್ಚಿದ ಪಾತ್ರೆಯಲ್ಲಿ ನಿಧಾನವಾಗಿ ಬೇಯೋ ಅಡುಗೆ. ದಪ್ಪ ತಳದ ಪಾತ್ರೆ, ಬಿಗಿ ಮುಚ್ಚಳ ಇದ್ದರೆ ಆಯಿತು.

ಅಂಗಡಿಯಲ್ಲೇ ಚರ್ಮ ತೆಗೆಸಿ. ಕೋಳಿಯ ಕೊಬ್ಬು ಬಹುಪಾಲು ಇರೋದು ಚರ್ಮದಲ್ಲಿ, ಅದರ ಕೆಳಗೆ. ಬರೀ ಎದೆ ತುಂಡು ತರಬೇಡಿ, ಒಣಗುತ್ತೆ. ಮೂಳೆ ಇರೋ ಕಾಲಿನ ತುಂಡೂ ಸೇರಲಿ. ಅರ್ಧ ಕೆಜಿ ಕೋಳಿಗೆ ಅರ್ಧ ಕೆಜಿ ತರಕಾರಿ, 2 ಚಮಚ ಎಣ್ಣೆ. ಆ ಎಣ್ಣೆಯಲ್ಲಿ ಈರುಳ್ಳಿ ಹುರಿಯಿರಿ. ತಳ ಹಿಡಿದರೆ ಇನ್ನಷ್ಟು ಎಣ್ಣೆ ಸುರಿಯಬೇಡಿ, ನೀರು ಚಿಮುಕಿಸಿ. ಶುಂಠಿ, ಬೆಳ್ಳುಳ್ಳಿ, ಮೆಣಸು, ಟೊಮೆಟೊ, ಆಮೇಲೆ ಕೋಳಿ, ಕ್ಯಾರೆಟ್, ನವಿಲುಕೋಸು. ನಾನು ಮೊದಲ ಸಲ ನೀರು ಜಾಸ್ತಿ ಹಾಕಿ ಎಲ್ಲ ಸಪ್ಪೆಯಾಗಿತ್ತು. ಒಂದು ಲೋಟ ಸಾಕು, ಕೋಳಿಯೇ ನೀರು ಬಿಡುತ್ತೆ. ಸಣ್ಣ ಉರಿಯಲ್ಲಿ 40 ನಿಮಿಷ. ಬೀನ್ಸ್ ಕೊನೆಯ 15 ನಿಮಿಷಕ್ಕೆ ಹಾಕಿ. ತೆಂಗಿನಕಾಯಿ ಬದಲು 2 ಚಮಚ ಹುರಿಗಡಲೆ ಪುಡಿ ಕದಡಿ ಬಿಡಿ, ಗಟ್ಟಿಯಾಗುತ್ತೆ. ಜೋಳದ ರೊಟ್ಟಿ ಜೊತೆ ಬಡಿಸಿ. ಮಕ್ಕಳ ತಟ್ಟೆಗೆ ಕಾಲಿನ ತುಂಡು, ಯಜಮಾನರಿಗೆ ಎದೆ ತುಂಡು.