ಆರೋಗ್ಯ ಸಮ್ಮೇಳನಕ್ಕೆ ಕಂಪನಿ ದುಡ್ಡು ತಗೊಂಡ್ರೆ ತಪ್ಪೆಂತ?

ನಿಮ್ಮ ಪ್ರಶ್ನೆ ಇದು: ಸಾರ್ವಜನಿಕ ಆರೋಗ್ಯದ ಸಮ್ಮೇಳನಕ್ಕೆ ಕಂಪನಿ ಸ್ಪಾನ್ಸರ್ ಮಾಡಿ, ಯಾರು ಎಂತ ಮಾತಾಡ್ಬೇಕು ಅಂತ ತಲೆ ಹಾಕದಿದ್ರೆ ತಪ್ಪೆಂತ? ನಾನು ಕಾಸರಗೋಡಿನವ, ಹೆಲ್ತ್ ಇನ್ಸ್‌ಪೆಕ್ಟರ್ ಆಗಿ ರಿಟೈರ್ ಆದವ. ನನ್ನದೇ ಒಂದು ನಾಚಿಕೆ ಕಥೆ ಉಂಟು, ಅದನ್ನೇ ಹೇಳ್ತೇನೆ.

ಸುಮಾರು ವರ್ಷ ಹಿಂದೆ ಮಕ್ಕಳ ಪೌಷ್ಟಿಕತೆಯ ಒಂದು ಸಮ್ಮೇಳನಕ್ಕೆ ಪೋಸ್ಟರ್ ಮಾಡಿ ಕೊಂಡೋಗಿದ್ದೆ. ಅಂಗನವಾಡಿ ಮಕ್ಕಳ ಮನೆಗೆ ಹೋದಾಗ ಕಂಡದ್ದನ್ನೇ ಬರ್ದದ್ದು, ಬೀಡಿ ಕಟ್ಟಿ ನಾಲ್ಕು ಕಾಸು ಮಾಡುವ ಅಮ್ಮಂದಿರು ಮಗು ಎತ್ತರ ಆಗ್ತದೆ ಅಂತ ಟಿವಿ ನೋಡಿ ಡಬ್ಬದ ಪುಡಿ ತರ್ತಾರೆ, ಅದೇ ದುಡ್ಡಿಗೆ ಮೊಟ್ಟೆ, ಹೆಸ್ರುಕಾಳು, ಬೂತಾಯಿ ಮೀನು ಎಲ್ಲ ಬರ್ತಿತ್ತು ಅಂತ. ಹಾಲಿನ ಬಾಗಿಲಲ್ಲಿ ಒಂದು ಬ್ಯಾಗ್ ಕೊಟ್ರು, ನೋಡಿದ್ರೆ ಅಂಥದ್ದೇ ಪುಡಿ ಕಂಪನಿಯ ಲೋಗೋ. ಮಧ್ಯಾಹ್ನದ ಊಟವೂ ಅವ್ರದ್ದೇ. (ಊಟ ಮಾತ್ರ ಫಸ್ಟ್ ಕ್ಲಾಸ್, ಸುಳ್ಳು ಹೇಳ್ಬಾರ್ದು.) ಸಂಘಟಕರಲ್ಲಿ ಒಬ್ರು ಡಾಕ್ಟರ್, ತುಂಬಾ ಒಳ್ಳೆಯವ್ರು, ಹತ್ರ ಬಂದು ಮೆಲ್ಲ ಹೇಳಿದ್ರು, "ಕಂಪನಿಯವ್ರು ಏನೂ ಹೇಳ್ಲಿಲ್ಲ ಸಾರೇ, ಆದ್ರೂ ಆ ಪುಡಿ ವಿಷಯ ಬೇಕಾ?" ನಾನೇ ಒಂದು ಬಿಳಿ ಕಾಗದ ಕತ್ತರಿಸಿ ಆ ಸಾಲಿನ ಮೇಲೆ ಅಂಟಿಸಿದೆ ಮಾರಾಯ್ರೆ. ಆಮೇಲೆ ಕಂಪನಿಯ ಹುಡುಗ ಬಂದು ಪೋಸ್ಟರ್ ಚೆನ್ನಾಗಿದೆ ಸರ್ ಅಂತ ಕೈ ಕುಲುಕಿದ, ಪಾಪ, ಅವನಿಗೆ ವಿಷಯವೇ ಗೊತ್ತಿಲ್ಲ.

ಉಂಡ ಮನೆ ಜಂತಿ ಎಣಿಸ್ಬಾರ್ದು ಅಂತ ನಮ್ಮ ಅಜ್ಜಿ ಹೇಳ್ತಿದ್ರು. ಮದುವೆ ಮನೆಗೆ ಅದು ಸರಿ, ಆದ್ರೆ ಆರೋಗ್ಯ ಇಲಾಖೆಯವ್ರ ಕೆಲ್ಸವೇ ಜಂತಿ ಎಣಿಸುವುದಲ್ವಾ? ಲಂಚ ಆದ್ರೆ ತಗೊಂಡವನಿಗೆ ಗೊತ್ತಿರ್ತದೆ. ಇದು ದಾಕ್ಷಿಣ್ಯ, ಬಾಯಿ ಯಾವಾಗ ಮುಚ್ಚಿತು ಅಂತ ಮುಚ್ಚಿದವನಿಗೇ ತಿಳಿಯುವುದಿಲ್ಲ.

ದುಡ್ಡು ಯಾರದ್ದು ಅಂತ ಕೇಳುವ ಬುದ್ಧಿ ನಮ್ಮ ಜಿಲ್ಲೆಯವ್ರಿಗೆ ಬಂದದ್ದು ಎಂಡೋಸಲ್ಫಾನ್ ಅಂತ ಒಂದು ಕೀಟನಾಶಕದಿಂದ. ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಕ್ಕೆ ಇಪ್ಪತ್ತು ವರ್ಷಕ್ಕೂ ಮೇಲೆ ಹೆಲಿಕಾಪ್ಟರಲ್ಲಿ ಹೊಡೆದದ್ದು, ನಿಂತದ್ದು 2000ದ ಹೊತ್ತಿಗೆ. 2001ರಲ್ಲಿ ದೆಹಲಿಯ ಸಿಎಸ್‌ಇ ಅಂತ ಪರಿಸರ ಸಂಸ್ಥೆಯವ್ರು ನಮ್ಮ ಎಣ್ಮಕಜೆಯ ಪಡ್ರೆ ಊರಿಂದ ಸ್ಯಾಂಪಲ್ ತಗೊಂಡು ಹೋಗಿ ನೀರಲ್ಲಿ, ಜನರ ರಕ್ತದಲ್ಲಿ ವಿಷ ಉಂಟು ಅಂತ ಹೇಳಿದ್ರು. ಅದೇ ವರ್ಷ ಕಾರ್ಪೊರೇಶನ್ನೇ ಮಾಡಿಸಿದ ಇನ್ನೊಂದು ಅಧ್ಯಯನ ಬಂತು, ಅದ್ರಲ್ಲಿ ಜನರ ರಕ್ತದಲ್ಲಿ ಏನೂ ಸಿಗ್ಲಿಲ್ಲ. ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕುವಾಗ 2011 ಆಗಿತ್ತು. ಕಾರ್ಪೊರೇಶನ್ ಅಧ್ಯಯನದವ್ರು ಬೇಕೂಂತಲೇ ಸುಳ್ಳು ಬರೆದ್ರು ಅಂತ ನಾನು ಹೇಳುವುದಿಲ್ಲ, ಆದ್ರೆ ಸಿಂಪಡಿಸಿದವ್ರ ದುಡ್ಡಿನ ರಿಪೋರ್ಟನ್ನು ಪಡ್ರೆಯ ಜನ ಹೇಗೆ ನಂಬುವುದು, ನೀವೇ ಹೇಳಿ.

ಕಾನೂನು ಇಲ್ಲ ಅಂತ ಅಲ್ಲ. ಶಿಶುಗಳ ಹಾಲುಪುಡಿ ವಿಷಯದಲ್ಲಿ ನಮ್ಮಲ್ಲಿ 1992ರ ಕಾಯ್ದೆ ಉಂಟು, ಆ ಕಂಪನಿಗಳು ಡಾಕ್ಟರ್‌ಗಳ ಸಂಘಕ್ಕೆ ಸೆಮಿನಾರು, ಕಾನ್ಫರೆನ್ಸು ಅಂತ ದುಡ್ಡು ಕೊಡುವ ಹಾಗೇ ಇಲ್ಲ. ತಂಬಾಕಿನವ್ರನ್ನು ಡಬ್ಲ್ಯುಎಚ್‌ಒ ಹತ್ರವೇ ಸೇರಿಸುವುದಿಲ್ಲ. ಆದ್ರೆ ಹಾಲುಪುಡಿ ಕಾಯ್ದೆ ಎರಡು ವರ್ಷದ ಒಳಗಿನ ಮಕ್ಕಳ ಆಹಾರಕ್ಕೆ ಮಾತ್ರ, ಮೂರು ವರ್ಷದ ಮಗುವಿಗೆ ಡಬ್ಬ ಮಾರುವವ ಅದ್ರಲ್ಲಿ ಬರುವುದಿಲ್ಲ, ನನ್ನ ಬ್ಯಾಗಿನ ಮೇಲೆ ಇದ್ದದ್ದು ಅವನೇ.

ಎಲ್ಲಾ ಕಂಪನಿಯೂ ಒಂದೇ ಅಂತ ನಾನು ಹೇಳುವುದಿಲ್ಲ, ಕುರ್ಚಿ ಶಾಮಿಯಾನದವ ಬ್ಯಾನರ್ ಕಟ್ಟಿದ್ರೆ ಕಟ್ಲಿ. ಸಮ್ಮೇಳನ ಯಾವ ರೋಗದ ಬಗ್ಗೆಯೋ ಆ ರೋಗಕ್ಕೆ ಸ್ಪಾನ್ಸರ್‌ನ ಮಾಲು ಕಾರಣ ಆಗ್ತದಾ, ಇಲ್ಲಾ ಆ ರೋಗದಿಂದ ಅವನಿಗೆ ವ್ಯಾಪಾರ ಉಂಟಾ, ಅದನ್ನು ನೋಡಿ. ಮತ್ತೆ ಕಾರ್ಯಕ್ರಮ ಪಟ್ಟಿ ತೆಗ್ದು ಯಾವ ವಿಷಯ ಅದ್ರಲ್ಲಿ ಇಲ್ಲ ಅಂತ ಹುಡುಕಿ, ಇದ್ದದ್ದನ್ನು ಓದಿದ್ರೆ ಎಂತದೂ ಗೊತ್ತಾಗುವುದಿಲ್ಲ.

ದುಡ್ಡಿಗೆ ಎಂತ ಮಾಡುವುದು ಅಂತ ನೀವು ಕೇಳ್ಬಹುದು. ಹೋಟೆಲ್ ಬಿಡಿ, ಸರ್ಕಾರಿ ಕಾಲೇಜಿನ ಹಾಲ್ ತಗೊಳ್ಳಿ, ಎರಡು ದಿನದ್ದು ಒಂದೇ ದಿನಕ್ಕೆ ಇಳಿಸಿ, ಬ್ಯಾಗ್ ಬೇಡವೇ ಬೇಡ, ಊಟ ಕುಡುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಹೆಂಗಸ್ರಿಗೆ ಹೇಳಿ, ಬಂದವ್ರು ಊಟದ ದುಡ್ಡು ಅವ್ರವ್ರೇ ಕೊಡ್ಲಿ.